ಶೇಂಗಾ ಬೆಣ್ಣೆಯ ಸಂಭ್ರಮವೂ ಕಣದ ಎಚ್ಚರಿಕೆಯೂ

ನಮ್ಮ ಸೀಮೆಯಲ್ಲಿ ಶೇಂಗಾ ಎಂದೂ, ಮೈಸೂರು ಕಡೆಯಲ್ಲಿ ಕಡಲೆಕಾಯಿ ಎಂದೂ, ಗ್ರಂಥಗಳಲ್ಲಿ ನೆಲಗಡಲೆ ಎಂದೂ ಕರೆಯಲ್ಪಡುವ ಬೆಳೆಯು ಒಕ್ಕಲಿಗನಿಗೆ ಬಹುವಿಧವಾಗಿ ಉಪಕಾರಿಯಾಗಿರುವುದು. ಅದರ ಬೇರಿನ ಗಂಟುಗಳು ಭೂಮಿಗೆ ಸಾರಜನಕವನ್ನು ಕೂಡಿಸುವುವು; ಬಳ್ಳಿಯು ದನಕರುಗಳಿಗೆ ಮೇವಾಗುವುದು; ಕಾಳು ಗಾಣಕ್ಕೆ ಹೋದರೆ ಎಣ್ಣೆಯಾಗುವುದು; ಮನೆಯಲ್ಲಿ ಉಳಿದರೆ ಉಂಡಿ, ಹೋಳಿಗೆ, ಚಟ್ನಿಗಳಾಗಿ ಹಬ್ಬದ ಎಡೆಯನ್ನು ತುಂಬುವುದು. ಇತ್ತೀಚಿನ ವರ್ಷಗಳಲ್ಲಿ ಇದೇ ಕಾಳು ಇನ್ನೊಂದು ವೇಷವನ್ನು ಧರಿಸಿ, ಗಾಜಿನ ಸೀಸೆಗಳಲ್ಲಿ ತುಂಬಿಸಲ್ಪಟ್ಟು, ಪೀನಟ್ ಬಟರ್ ಎಂಬ ಹೆಸರಿನಿಂದ ಬೆಳಗಾವಿ ಪಟ್ಟಣದ ಅಂಗಡಿಗಳಲ್ಲಿ ಮಾರಲ್ಪಡುತ್ತಿರುವುದು. ಓದುವ ಹುಡುಗರೂ, ಅಂಗಸಾಧನೆ ಮಾಡುವ ತರುಣರೂ ಅದನ್ನು ಬಹಳ ಮೆಚ್ಚಿ ತಿನ್ನುತ್ತಿರುವರು. ಕಾಳನ್ನು ಬೆಳೆದವರೇ ಅದರ ಬೆಣ್ಣೆಯನ್ನು ಸೀಸೆಯ ಬೆಲೆ ಕೊಟ್ಟು ಪುನಃ ಕೊಂಡು ತರುವ ಪ್ರಸಂಗವೂ ಇಲ್ಲದಿಲ್ಲ.

ಈ ಬೆಣ್ಣೆಯು ಏನು, ಅದನ್ನು ಪಾರಿಶ್ವಾಡದಂಥ ಊರುಗಳಲ್ಲಿ ನಮ್ಮ ರೂಢಿಗೆ ಒಪ್ಪುವಂತೆ ಹೇಗೆ ಸಂಭ್ರಮಿಸಬಹುದು, ಆ ಸಂಭ್ರಮವು ನಿರಪಾಯವಾಗಿರಬೇಕಾದರೆ ಹೊಲದಲ್ಲಿಯೂ ಕಣದಲ್ಲಿಯೂ ಏನು ಮಾಡತಕ್ಕದ್ದು ಎಂಬ ವಿಷಯಗಳನ್ನು ಊರ ಪ್ರಮುಖರ ಮತ್ತು ಭೂಮಾಲೀಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಇದು ನಮಗೆ ಹೊಸದಲ್ಲ

ಹುರಿದ ಶೇಂಗಾಕಾಳನ್ನು ಅದರೊಳಗಿನ ಎಣ್ಣೆಯು ಹೊರಬಂದು ಹಿಟ್ಟೆಲ್ಲ ಮುದ್ದೆಯಾಗುವವರೆಗೆ ಅರೆದರೆ ದೊರೆಯುವ ಪದಾರ್ಥವೇ ಶೇಂಗಾ ಬೆಣ್ಣೆ. ಇದರಲ್ಲಿ ಹಾಲಿನ ಅಂಶವು ಲೇಶಮಾತ್ರವೂ ಇಲ್ಲ. ಮೃದುತ್ವವನ್ನು ನೋಡಿ ಬೆಣ್ಣೆಯೆಂದು ಹೆಸರಿಟ್ಟಿರುವರು, ಅಷ್ಟೆ. ಡಚ್ಚರ ಭಾಷೆಯಲ್ಲಿ ಇದಕ್ಕೆ ಶೇಂಗಾದ ಗಿಣ್ಣು ಎಂದು ಅರ್ಥವಾಗುವ ಹೆಸರುಂಟು.

ಉತ್ತರ ಕರ್ನಾಟಕದ ಗೃಹಿಣಿಗೆ ಈ ಕ್ರಿಯೆಯನ್ನು ಯಾರೂ ಕಲಿಸಬೇಕಾದುದಿಲ್ಲ. ಹುರಿದ ಕಾಳಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪುಗಳನ್ನು ಕೂಡಿಸಿ ಎಣ್ಣೆ ಬಿಡುವಂತೆ ಒರಳಿನಲ್ಲಿ ಕುಟ್ಟಿದ ಶೇಂಗಾ ಹಿಂಡಿಯು ಜೋಳದ ರೊಟ್ಟಿಯ ನಿತ್ಯ ಸಂಗಾತಿಯಾಗಿರುವುದು. ಗಾಣದ ಹಿಂಡಿಗೂ ಈ ಹಿಂಡಿಗೂ ಹೆಸರು ಒಂದೇ ಆದರೂ ವಸ್ತು ಬೇರೆ. ಅದರಲ್ಲಿ ಎಣ್ಣೆ ಹೋಗಿರುವುದು, ಇದರಲ್ಲಿ ಎಣ್ಣೆ ಇರುವುದು. ಬದನೆಯ ಎಣ್ಣೆಗಾಯಿಯ ಒಳಗೆ ತುಂಬುವ ಮಸಾಲೆಯೂ, ಹೋಳಿಗೆಯ ಹೂರಣವೂ ಇದೇ ವಂಶಕ್ಕೆ ಸೇರಿದವು. ಕುಟ್ಟುವುದನ್ನು ಇನ್ನೂ ಅರ್ಧ ತಾಸು ಮುಂದುವರಿಸಿ, ಮೆಣಸಿನಕಾಯಿಯನ್ನು ಬಿಟ್ಟುಬಿಟ್ಟರೆ ಅಂಗಡಿಯ ಸೀಸೆಯಲ್ಲಿರುವುದೇ ಒರಳಿನಲ್ಲಿಯೂ ಇರುವುದು.

ಹೊರನಾಡುಗಳಲ್ಲಿ ಇದರ ಚರಿತ್ರೆ

ಶೇಂಗಾ ಗಿಡದ ಮೂಲಸ್ಥಾನವು ದಕ್ಷಿಣ ಅಮೆರಿಕ ಖಂಡ. ಕೆನಡಾ ದೇಶದ ಮಾರ್ಸೆಲಸ್ ಎಡ್ಸನ್ ಎಂಬವರು 1884ರಲ್ಲಿ ಹುರಿದ ಶೇಂಗಾವನ್ನು ಅರೆದು ಮುದ್ದೆ ಮಾಡುವ ಕ್ರಮಕ್ಕೆ ಅಮೆರಿಕದ ಸರಕಾರದಿಂದ ಹಕ್ಕುಪತ್ರವನ್ನು ಪಡೆದರು. ಅನಂತರ ಜಾನ್ ಹಾರ್ವಿ ಕೆಲಾಗ್ ಎಂಬ ವೈದ್ಯರು ಮಾಂಸವನ್ನು ತಿನ್ನದ ರೋಗಿಗಳಿಗೆ ಇಂಥ ಆಹಾರವನ್ನು ಕೊಡುವ ಏರ್ಪಾಡು ಮಾಡಿದರು. 1922ರಲ್ಲಿ ಜೋಸೆಫ್ ರೋಸ್‌ಫೀಲ್ಡ್ ಎಂಬವರು ಎಣ್ಣೆಯು ಮೇಲೆ ತೇಲದಂತೆ ತಡೆಯುವ ಉಪಾಯವನ್ನು ಕಂಡುಹಿಡಿದ ಬಳಿಕ ಸೀಸೆಯ ವ್ಯಾಪಾರವು ವಿಶೇಷವಾಗಿ ಬೆಳೆಯಿತು. ಈಗ ಅಮೆರಿಕದವರು ಪ್ರತಿ ವರ್ಷ ಜನವರಿ 24ನ್ನು ಶೇಂಗಾ ಬೆಣ್ಣೆಯ ದಿನವೆಂದು ಆಚರಿಸುವುದುಂಟು.

ಈ ಚರಿತ್ರೆಯಲ್ಲಿ ನಮ್ಮ ವಾಚಕರಿಗೆ ಹೆಚ್ಚು ಬೋಧಪ್ರದವಾದುದು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಕಾರ್ಯ. ಗುಲಾಮರಾಗಿದ್ದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಕಷ್ಟದಿಂದ ವಿದ್ಯೆಯನ್ನು ಸಂಪಾದಿಸಿ, ಅಲಬಾಮಾ ಪ್ರಾಂತದ ಟಸ್ಕೀಗಿ ವಿದ್ಯಾಲಯದಲ್ಲಿ ಕೃಷಿಶಾಸ್ತ್ರಜ್ಞರಾಗಿದ್ದ ಅವರು, ಹತ್ತಿಯನ್ನೇ ಬೆಳೆದು ಬೆಳೆದು ಸತ್ವಗುಂದಿದ ಹೊಲಗಳಿಗೆ ಶೇಂಗಾವನ್ನು ಪರ್ಯಾಯವಾಗಿ ತರುವುದಕ್ಕೆ ಶ್ರಮಿಸಿದರು. ಬೆಳೆಯಿರಿ ಎಂದಷ್ಟೇ ಹೇಳಿದರೆ ರೈತನು ಬೆಳೆಯನು. ತಿನ್ನುವ ಬಗೆಯನ್ನೂ ಹೇಳಬೇಕೆಂದು ಬಗೆದು, 1916ರಲ್ಲಿ ಒಂದು ಕೃಷಿ ಪತ್ರಿಕೆಯನ್ನು ಹೊರಡಿಸಿ, ಅದರಲ್ಲಿ ಶೇಂಗಾ ಬೆಳೆಯುವ ಕ್ರಮದೊಡನೆ ಅಡುಗೆಯ 105 ವಿಧಾನಗಳನ್ನು ಕೊಟ್ಟರು. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರೇ ಅವರೆಂಬ ಮಾತು ಸರಿಯಲ್ಲ. ಹೊಲವನ್ನೂ ಅಡುಗೆಮನೆಯನ್ನೂ ಒಂದೇ ಪತ್ರಿಕೆಯಲ್ಲಿ ಕೂಡಿಸಿದ ಕೀರ್ತಿಯು ಮಾತ್ರ ಅವರಿಗೆ ಸಲ್ಲತಕ್ಕದ್ದು.

ಗಾಂಧೀಜಿಯವರ ಅನುಭವ

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನೆರೆದ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠವನ್ನು ಮಹಾತ್ಮಾ ಗಾಂಧಿಯವರು ಅಲಂಕರಿಸಿದ್ದರೆಂಬುದನ್ನು ಈ ಜಿಲ್ಲೆಯವರು ಹೆಮ್ಮೆಯಿಂದ ನೆನೆಯುವರು. ಅವರು ಆರು ವರ್ಷ ಮುಂಚೆ ಶೇಂಗಾ ಬೆಣ್ಣೆಯನ್ನೇ ಮುಖ್ಯ ಆಹಾರವನ್ನಾಗಿ ಮಾಡಿಕೊಂಡಿದ್ದ ಸಂಗತಿಯು ಅಷ್ಟಾಗಿ ತಿಳಿದಿರಲಾರದು. 1912ರಲ್ಲಿ ಹಾಲನ್ನು ತ್ಯಜಿಸಿದ್ದ ಅವರು, 1918ರಲ್ಲಿ ಗುಜರಾತದ ಖೇಡಾ ಜಿಲ್ಲೆಯಲ್ಲಿ ಊರೂರು ತಿರುಗುತ್ತಿದ್ದಾಗ ಶೇಂಗಾ ಬೆಣ್ಣೆ ಮತ್ತು ನಿಂಬೆಹಣ್ಣುಗಳ ಮೇಲೆಯೇ ಬಹುಮಟ್ಟಿಗೆ ಜೀವಿಸುತ್ತಿದ್ದರು. ಆ ಬೆಣ್ಣೆಯನ್ನು ಅಳತೆ ಮೀರಿ ತಿಂದುದರಿಂದ ಆಮಶಂಕೆಯು ತಲೆದೋರಿತೆಂಬುದನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಮರೆಮಾಚದೆ ಬರೆದಿರುವರು. ಉತ್ತಮ ಆಹಾರಕ್ಕೂ ಮಿತಿಯುಂಟು ಎಂಬ ಪಾಠವನ್ನು ಇದರಿಂದ ಗ್ರಹಿಸಬಹುದು. 100 ಗ್ರಾಂ ಶೇಂಗಾಕಾಳಿನಲ್ಲಿ ಸುಮಾರು 25 ಗ್ರಾಂ ಸಸಾರಜನಕವೂ, 45ರಿಂದ 50 ಗ್ರಾಂ ಎಣ್ಣೆಯೂ ಇರುವುದರಿಂದ, ದಿನಕ್ಕೆ ಒಂದೆರಡು ಚಮಚ ಬೆಣ್ಣೆಯು ಬೆಳೆದವರಿಗೆ ಸಾಕಾಗುವುದು.

ಮನೆಯಲ್ಲಿ ಬೆಣ್ಣೆ ಮಾಡುವ ಕ್ರಮ

ಚೆನ್ನಾಗಿ ಒಣಗಿದ, ಒಂದೇ ಗಾತ್ರದ 1 ಕಿಲೋ ಕಾಳನ್ನು ತೆಗೆದುಕೊಂಡು, ಸಣ್ಣ ಉರಿಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಬಿಡದೆ ಕೈಯಾಡಿಸುತ್ತ ಹುರಿಯಬೇಕು. ಉರಿ ಹೆಚ್ಚಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿಯೇ ಉಳಿಯುವುದು. ಸಿಪ್ಪೆಯು ಬೆರಳಿಗೆ ಸುಲಭವಾಗಿ ಬಿಡುವಾಗ ಇಳಿಸಿ, ಪೂರ್ತಿ ಆರಿದ ಮೇಲೆ ಅಂಗೈಯಿಂದ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆಯನ್ನು ಹಾರಿಸತಕ್ಕದ್ದು. ಈ ಹಂತದಲ್ಲಿ ಕಾಳನ್ನು ಬೆಳಕಿನಲ್ಲಿ ಹರಡಿ, ಕಪ್ಪಾದ, ಸುಕ್ಕುಗಟ್ಟಿದ, ಹಳದಿ ಅಥವಾ ಹಸಿರು ಛಾಯೆಯುಳ್ಳ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದು ಅತ್ಯಾವಶ್ಯಕ. ಇದರ ಕಾರಣವನ್ನು ಮುಂದೆ ಹೇಳಲಾಗುವುದು.

ಅನಂತರ ಒರಳಿನಲ್ಲಾಗಲಿ ವಿದ್ಯುತ್ ಯಂತ್ರದಲ್ಲಾಗಲಿ ಅರೆಯಬೇಕು. ಮೊದಲು ಪುಡಿಯಾಗುವುದು, ಆಮೇಲೆ ಉಂಡೆಗಟ್ಟುವುದು, ಇನ್ನೂ ಅರೆದರೆ ಎಣ್ಣೆ ಬಿಟ್ಟುಕೊಂಡು ಸಡಿಲವಾಗಿ ಹರಿಯುವುದು. ಉಂಡೆಗಟ್ಟಿದ ಹೊತ್ತಿನಲ್ಲಿ ಅವಸರಪಟ್ಟು ನೀರನ್ನು ಬೆರೆಸುವವರುಂಟು, ಹಾಗೆ ಮಾಡಲೇಬಾರದು. ನೀರಿನ ಹನಿ ತಾಗಿದ ಬೆಣ್ಣೆಯು ಬೇಗನೆ ಕೆಡುವುದು. 1 ಕಿಲೋ ಕಾಳಿಗೆ 10 ಗ್ರಾಂ ಉಪ್ಪು ಸಾಕು. ಸಿಹಿ ಬೇಕಾದವರು 50 ಗ್ರಾಂ ಒಣಬೆಲ್ಲದ ಪುಡಿಯನ್ನು ಕೂಡಿಸಬಹುದು. ತೊಳೆದು ಒಣಗಿಸಿದ ಗಾಜಿನ ಭರಣಿಯಲ್ಲಿ ತುಂಬಿ ತಂಪಾದ ಸ್ಥಳದಲ್ಲಿಡಬೇಕು. ಎಣ್ಣೆಯು ಮೇಲೆ ತೇಲಿದರೆ ಅದು ದೋಷವಲ್ಲ. ಒಣ ಚಮಚದಿಂದ ಕಲಸಿ ಉಪಯೋಗಿಸಬಹುದು.

ವರ್ಷದ ಹಬ್ಬಗಳಲ್ಲಿ ಇದರ ಸ್ಥಾನ

ಅಮೆರಿಕದವರಿಗೆ ಇದಕ್ಕೆ ವರ್ಷದಲ್ಲಿ ಒಂದು ದಿನವಿದ್ದರೆ ನಮಗೆ ಹಲವು ದಿನಗಳಿರುವುವು. ಶ್ರಾವಣದ ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯಾಡುವಾಗ ಕೈಯಲ್ಲಿ ಶೇಂಗಾ ಉಂಡಿ ಇರಲೇಬೇಕು. ಎಳ್ಳು ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಯನ್ನು ಪೂಜಿಸುವಾಗ ಶೇಂಗಾ ಹೋಳಿಗೆಯೂ ಹಿಂಡಿಯೂ ಬುತ್ತಿಯಲ್ಲಿ ಇರುವುವು. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಹುರಿದ ಶೇಂಗಾ ಸೇರುವುದು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ರೈತರು ಹೊಸ ಬೆಳೆಯನ್ನು ಬಸವಣ್ಣನ ಸನ್ನಿಧಿಗೆ ತರುವ ಪದ್ಧತಿಯು ಇಂದಿಗೂ ನಡೆದು ಬಂದಿರುವುದು.

ಈ ರೂಢಿಗಳಿಗೆ ಬೆಣ್ಣೆಯನ್ನು ಜೊತೆಗೂಡಿಸುವುದು ಸುಲಭ. ಉಂಡಿ ಕಟ್ಟುವಾಗ ತುಪ್ಪದ ಬದಲು ಒಂದು ಭಾಗ ಶೇಂಗಾ ಬೆಣ್ಣೆಯನ್ನು ಹಾಕಿದರೆ ಉಂಡಿಯು ಮೃದುವಾಗಿ, ಹಲ್ಲಿಲ್ಲದ ಹಿರಿಯರೂ ತಿನ್ನಬಲ್ಲಂತಾಗುವುದು. ಬಿಸಿ ಚಪಾತಿಗೆ ಸವರಿ ಮೇಲೆ ಬಾಳೆಹಣ್ಣನ್ನಿಟ್ಟು ಸುರುಳಿ ಸುತ್ತಿಕೊಟ್ಟರೆ ಶಾಲೆಗೆ ಹೋಗುವ ಮಗುವಿಗೆ ಬುತ್ತಿಯಾಗುವುದು. ಮೊಸರಿನಲ್ಲಿ ಕದಡಿ, ಒಗ್ಗರಣೆ ಕೊಟ್ಟರೆ ಸಜ್ಜೆ ರೊಟ್ಟಿಗೆ ಒಳ್ಳೆಯ ವ್ಯಂಜನವಾಗುವುದು. ಪಶ್ಚಿಮ ಆಫ್ರಿಕದ ಸೆನೆಗಾಲಿನವರು ಇದನ್ನು ಸಾರಿಗೆ ಹಾಕಿ ಅನ್ನದೊಡನೆ ಉಣ್ಣುವರು. ನಮ್ಮ ಎಣ್ಣೆಗಾಯಿಯ ರುಚಿಯನ್ನು ಬಲ್ಲವರಿಗೆ ಅದು ಅಪರಿಚಿತವೆನಿಸದು. ಆದರೆ ಎರಡು ಮಾತುಗಳನ್ನು ಮರೆಯಬಾರದು. ಎಳೆಯ ಮಕ್ಕಳಿಗೆ ಇಡೀ ಕಾಳನ್ನಾಗಲಿ ಗಟ್ಟಿ ಬೆಣ್ಣೆಯ ಮುದ್ದೆಯನ್ನಾಗಲಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು. ತೆಳ್ಳಗೆ ಕದಡಿಯೇ ಕೊಡಬೇಕು. ಶೇಂಗಾ ತಿಂದೊಡನೆ ಕೆಲವರಿಗೆ ಮೈ ದದ್ದೇಳುವುದು, ಉಸಿರು ಕಟ್ಟುವುದು. ಅಂಥವರು ಇದನ್ನು ಪೂರ್ಣವಾಗಿ ವರ್ಜಿಸಿ ವೈದ್ಯರ ಸಲಹೆಯನ್ನು ಪಡೆಯತಕ್ಕದ್ದು.

ಮಕ್ಕಳ ಪೋಷಣೆಗೆ ಈ ಕಾಳು ಎಷ್ಟು ನೆರವಾಗಬಲ್ಲದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಮುಕ್ಕಾಲು ಪಾಲು ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟುಗಳಿಂದ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿದರು. 1996ರಲ್ಲಿ ಫ್ರಾನ್ಸ್ ದೇಶದ ಆಂದ್ರೆ ಬ್ರಿಯಾಂ ಎಂಬ ವೈದ್ಯರೂ ಅವರ ಸಹಕಾರಿಗಳೂ ಶೇಂಗಾ ಮುದ್ದೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಕೂಡಿಸಿ ಕ್ಷಾಮಪೀಡಿತ ಮಕ್ಕಳಿಗಾಗಿ ಸಿದ್ಧ ಆಹಾರವನ್ನು ರಚಿಸಿದರು. ಅದಕ್ಕೆ ನೀರು ಬೆರೆಸಬೇಕಾಗಿಲ್ಲ, ಒಲೆ ಹೊತ್ತಿಸಬೇಕಾಗಿಲ್ಲ. ಅದರಿಂದ ಅನೇಕ ದೇಶಗಳಲ್ಲಿ ಅಸಂಖ್ಯ ಮಕ್ಕಳ ಪ್ರಾಣವು ಉಳಿದಿರುವುದು.

ಅರೆದಾಗ ಮರೆಯಾಗುವ ದೋಷ

ಇಷ್ಟು ಒಳ್ಳೆಯ ಆಹಾರಕ್ಕೆ ಒಬ್ಬ ಗುಪ್ತ ಶತ್ರು ಇರುವನು. ಸರಿಯಾಗಿ ಒಣಗದ ಶೇಂಗಾದ ಮೇಲೆ ಹಳದಿ-ಹಸಿರು ಬಣ್ಣದ ಒಂದು ಬೂಷ್ಟು ಬೆಳೆಯುವುದು. ಅದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಕಾಳಿನೊಳಗೆ ಬಿಡುವುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುಬಿದ್ದಾಗ, ಅವುಗಳಿಗೆ ಹಾಕಿದ ಶೇಂಗಾ ಹಿಂಡಿಯಲ್ಲಿ ಈ ವಿಷವು ಪತ್ತೆಯಾಯಿತು. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತದ ಗಡಿಸೀಮೆಯ ಬಡಜನರು ಬೂಷ್ಟು ಹಿಡಿದ ಗೋವಿನಜೋಳವನ್ನು ತಿಂದು ಇದೇ ವಿಷದಿಂದ ಕಾಮಾಲೆಗೆ ತುತ್ತಾಗಿ, ನೂರಕ್ಕೂ ಹೆಚ್ಚು ಮಂದಿ ಮರಣಹೊಂದಿದರು. ಸ್ವಲ್ಪಸ್ವಲ್ಪವಾಗಿ ಬಹುಕಾಲ ದೇಹವನ್ನು ಸೇರಿದರೆ ಇದು ಯಕೃತ್ತಿನ ಅರ್ಬುದಕ್ಕೆ ಕಾರಣವಾಗುವುದು.

ಹುರಿಯುವುದರಿಂದ ಈ ವಿಷವು ಪೂರ್ತಿಯಾಗಿ ನಾಶವಾಗುವುದಿಲ್ಲ. ಇಡೀ ಕಾಳನ್ನು ತಿನ್ನುವಾಗ ಕೆಟ್ಟದು ನಾಲಿಗೆಗೆ ಕಹಿಯಾಗಿ ತಿಳಿದು ಉಗುಳಲ್ಪಡುವುದು. ಅರೆದ ಬೆಣ್ಣೆಯಲ್ಲಿ ಮಾತ್ರ ಹತ್ತು ಕೆಟ್ಟ ಕಾಳುಗಳು ಸಾವಿರ ಒಳ್ಳೆಯ ಕಾಳುಗಳೊಳಗೆ ಅಡಗಿಹೋಗುವುವು. ಹಿಂಡಿಗೆ ಹಾಕಿದ ಖಾರವೂ, ಉಂಡಿಗೆ ಹಾಕಿದ ಬೆಲ್ಲವೂ ಆ ಕಹಿಯನ್ನು ಮುಚ್ಚುವುವು. ಒಮ್ಮೆ ಅರೆದ ಮೇಲೆ ಯಾವ ಕಣ್ಣೂ ಅದನ್ನು ಆರಿಸಲಾರದು.

ಇಲ್ಲಿ ಒಂದು ರೂಢಿಯನ್ನು ಕುರಿತು ನಿಷ್ಠುರವಾಗಿ ಹೇಳುವುದು ಅಗತ್ಯ. ದಪ್ಪ ಕಾಳನ್ನು ಪೇಟೆಗೆ ಕಳಿಸಿ, ಜರಡಿಯಲ್ಲಿ ಉಳಿದ ಒಡಕಲು, ಜೊಳ್ಳು, ಮಾಸಲು ಕಾಳನ್ನು ಮನೆಯ ಚಟ್ನಿಗೆ ಇಟ್ಟುಕೊಳ್ಳುವುದು ಹಲವೆಡೆ ನಡೆದಿರುವುದು. ವಿಷವು ಹೆಚ್ಚಾಗಿ ಇರುವುದು ಈ ಉಳಿಕೆಯಲ್ಲಿಯೇ. ಪೇಟೆಯವನಿಗೆ ಒಳ್ಳೆಯದನ್ನು ಕೊಟ್ಟು ಸ್ವಂತ ಮಕ್ಕಳಿಗೆ ಕೆಟ್ಟದನ್ನು ಬಡಿಸುವ ಮಿತವ್ಯಯವು ಮಿತವ್ಯಯವಲ್ಲ. ಅದನ್ನು ದನಕ್ಕೆ ಹಾಕಿದರೂ ಪಾರಾದಂತಲ್ಲ. ವಿಷದ ಒಂದಂಶವು ಹಾಲಿನ ಮೂಲಕ ಅದೇ ಮಕ್ಕಳ ಬಟ್ಟಲಿಗೆ ಬರುವುದು.

ಹೊಲ, ಕಣ, ಕಣಜ

ಖಾನಾಪುರ ತಾಲೂಕಿನ ಪಡುವಣದಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಮಳೆಯು ಅತ್ಯಧಿಕ. ಮೂಡಣದ ಪಾರಿಶ್ವಾಡ, ಇಟಗಿಯ ಕಡೆ ಬಂದಂತೆ ಅದು ಕಡಮೆಯಾಗುತ್ತ ಹೋಗುವುದು. ಆದರೂ ಮುಂಗಾರಿ ಶೇಂಗಾ ಕೀಳುವ ದಿನಗಳಲ್ಲಿ ಹಿಂಗಾರಿನ ಮಳೆಯು ಮೇಲೆ ಬೀಳುವುದು ಅಪರೂಪವಲ್ಲ. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಭೂಮಾಲೀಕರು ತಾವೂ ಅನುಸರಿಸಿ, ತಮ್ಮ ಹೊಲವನ್ನು ಮಾಡುವವರಿಂದಲೂ ಅನುಸರಿಸುವಂತೆ ಮಾಡುವುದು ಶ್ರೇಯಸ್ಕರ.

ಹೂವಾಡುವ ಕಾಲದಲ್ಲಿ ಎಕರೆಗೆ ಸುಮಾರು 200 ಕಿಲೋ ಜಿಪ್ಸಮ್ಮನ್ನು ಕೊಟ್ಟು ಮಣ್ಣೇರಿಸಿದರೆ ಸಿಪ್ಪೆಯು ಗಟ್ಟಿಯಾಗಿ ಕಾಳು ತುಂಬುವುದು. ಗಟ್ಟಿ ಸಿಪ್ಪೆಯೊಳಗೆ ಬೂಷ್ಟಿಗೆ ಪ್ರವೇಶ ಕಷ್ಟ. ನಾಲ್ಕರಲ್ಲಿ ಮೂರು ಪಾಲು ಕಾಯಿಗಳ ಸಿಪ್ಪೆಯ ಒಳಮೈ ಕಂದಿದೊಡನೆ ಗಿಡವನ್ನು ಕೀಳಬೇಕು, ತಡಮಾಡಬಾರದು. ಕಿತ್ತ ಗಿಡಗಳನ್ನು ಕಾಯಿ ಮೇಲಾಗಿ ತಿರುವಿ ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಅನಂತರ ಕಾಯಿ ಬಿಡಿಸಿ ತೆಳ್ಳಗೆ ಹರಡಿ ಒಣಗಿಸಬೇಕು. ಹಸಿಕಾಯಿಯನ್ನು ಗುಡ್ಡೆ ಹಾಕಿದರೆ ಒಂದೇ ರಾತ್ರಿಯಲ್ಲಿ ಕಾವೇರಿ ಬೂಷ್ಟಿಗೆ ಹಾಸಿಗೆಯಾಗುವುದು. ಕಿವಿಯ ಬಳಿ ಅಲ್ಲಾಡಿಸಿದರೆ ಕಾಳು ಗಲಗಲಿಸಬೇಕು, ತಿಕ್ಕಿದರೆ ಕೆಂಪು ಪೊರೆ ಬಿಡಬೇಕು. ಆಗ ಒಣಗಿದೆಯೆಂದು ತಿಳಿಯಬಹುದು. ಯಂತ್ರದಿಂದ ಅಳೆದರೆ ಕಾಳಿನಲ್ಲಿ ನೀರಿನ ಅಂಶವು 100ಕ್ಕೆ 7ನ್ನು ಮೀರಕೂಡದು.

ಗುದ್ದಲಿ ತಗಲಿದ, ಗೆದ್ದಲು ಕೊರೆದ ಕಾಯಿಗಳನ್ನು ಕಣದಲ್ಲಿಯೇ ಬೇರೆ ಮಾಡಬೇಕು. ಸುಲಿಯುವುದಕ್ಕೆ ಸುಲಭವೆಂದು ಕಾಯಿಯ ಮೇಲೆ ನೀರು ಚಿಮುಕಿಸುವ ಅಭ್ಯಾಸವನ್ನು ಕೈಬಿಡಲೇಬೇಕು. ಹದಿನೈದು ದಿನ ಒಣಗಿಸಿದ ಶ್ರಮವು ಒಂದು ತಂಬಿಗೆ ನೀರಿನಿಂದ ವ್ಯರ್ಥವಾಗುವುದು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಗಳ ಮೇಲಿಡಬೇಕು. ನಾಗರ ಪಂಚಮಿಯು ವರ್ಷದ ಅತ್ಯಂತ ತೇವದ ವಾರಗಳಲ್ಲಿ ಬರುವುದರಿಂದಲೂ, ಆಗ ಉಪಯೋಗಿಸುವ ಶೇಂಗಾ ಹಿಂದಿನ ಬೆಳೆಯದಾಗಿರುವುದರಿಂದಲೂ, ಉಂಡಿಯ ಕಾಳನ್ನು ಸುಲಿಯದೆ ಕಾಯಿಯಾಗಿಯೇ ಕಾಪಾಡಿ, ಬೇಕಾದಾಗ ಸುಲಿದು, ಇಮ್ಮಡಿ ಎಚ್ಚರದಿಂದ ಆರಿಸುವುದು ಯುಕ್ತ.

ಬೀಜವನ್ನು ಆರಿಸುವವರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಜಿ.ಪಿ.ಬಿ.ಡಿ.-4 ಎಂಬ ತಳಿಯು ತುಕ್ಕು ಮತ್ತು ಎಲೆಚುಕ್ಕೆ ರೋಗಗಳನ್ನು ತಡೆಯುವುದೆಂದು ಪ್ರಸಿದ್ಧವಾಗಿದೆ. 2020ರಲ್ಲಿ ಬಿಡುಗಡೆಯಾದ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವು ಅಧಿಕವಾಗಿರುವುದರಿಂದ ಅವುಗಳ ಬೆಣ್ಣೆಯು ಬೇಗನೆ ಕಮಟು ಹಿಡಿಯದು.

ಊರ ಪ್ರಮುಖರು ಮಾಡಬಹುದಾದುದು

ಎಚ್ಚರಿಕೆಯನ್ನು ಬರಿಯ ಉಪದೇಶವಾಗಿ ಹೇಳಿದರೆ ಕೇಳುವವರು ಕಡಮೆ. ವಿನೋದದೊಡನೆ ಬೆರೆಸಿದರೆ ಅದು ತಾನಾಗಿ ನಿಲ್ಲುವುದು. ಸುಗ್ಗಿಯಾದ ಮೇಲೆ, ಎಳ್ಳು ಅಮಾವಾಸ್ಯೆಯ ಸುಮಾರಿಗೆ, ಪಂಚಾಯತಿಯ ಅಂಗಳದಲ್ಲಿ ಹಿಂಡಿ ಮತ್ತು ಬೆಣ್ಣೆಗಳ ಪಂದ್ಯವನ್ನು ಏರ್ಪಡಿಸಬಹುದು. ಅದರ ನಿಯಮವು ಹೀಗಿರಲಿ: ಪ್ರತಿ ಮನೆಯವರು ತಾವು ಮಾಡಿದ ಪದಾರ್ಥದೊಡನೆ ಅದಕ್ಕೆ ಉಪಯೋಗಿಸಿದ ಕಾಳಿನ ಒಂದು ಸೇರನ್ನೂ ತರಬೇಕು. ತೀರ್ಪುಗಾರರು ಮೊದಲು ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಪರೀಕ್ಷಿಸಿ ಅರ್ಧ ಅಂಕಗಳನ್ನು ಕೊಡಲಿ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಬಟ್ಟಲಿಗೆ ಮಾತ್ರ ಕೈ ಹಾಕಿ ರುಚಿ ನೋಡಲಿ. ಶಾಲೆಯ ಮಕ್ಕಳಿಗೆ ಕಾಳು ಆರಿಸುವ ಆಟವನ್ನಿಟ್ಟು, ಹೆಚ್ಚು ಕೆಟ್ಟ ಕಾಳುಗಳನ್ನು ಪತ್ತೆಹಚ್ಚಿದ ಕಣ್ಣಿಗೆ ಒಂದು ದೊಡ್ಡ ಉಂಡಿಯನ್ನು ಬಹುಮಾನವಾಗಿ ಕೊಡಲಿ. ಆರಿಸಿ ತೆಗೆದುದನ್ನು ಎಲ್ಲರೂ ನೋಡುತ್ತಿರುವಾಗಲೇ ಹೂಳಲಿ.

ಹತ್ತಾರು ಮನೆಯವರು ಕೂಡಿ ಒಣಗಿಸುವ ತಾಡಪತ್ರಿಗಳನ್ನೂ ತೇವ ಅಳೆಯುವ ಯಂತ್ರವೊಂದನ್ನೂ ಕೊಂಡು ಊರೊಟ್ಟಿನಲ್ಲಿ ಇರಿಸಿಕೊಳ್ಳಬಹುದು. ಮಹಿಳೆಯರ ಸ್ವಸಹಾಯ ಸಂಘಗಳು ಬೆಣ್ಣೆಯನ್ನು ಮಾಡಿ ಮಾರಬಯಸಿದರೆ, 2006ರ ಆಹಾರ ಸುರಕ್ಷತಾ ಕಾನೂನಿನಂತೆ ನೋಂದಣಿ ಮಾಡಿಸಿ, ಸೀಸೆಯ ಮೇಲೆ ತಯಾರಿಸಿದ ದಿನವನ್ನು ನಮೂದಿಸತಕ್ಕದ್ದು. ಕಾಯಿಯಾಗಿ ಮಾರುವುದಕ್ಕಿಂತ ಬೆಣ್ಣೆಯಾಗಿ ಮಾರಿದರೆ ಹುರಿದ, ಆರಿಸಿದ, ಅರೆದ ಕೂಲಿಯು ಊರಿನಲ್ಲಿಯೇ ಉಳಿಯುವುದು.

ಶೇಂಗಾ ಬೆಣ್ಣೆಯು ಒರಳಿನಲ್ಲಿ ಹುಟ್ಟುವುದೆಂದು ತೋರಿದರೂ, ಅದರ ಗುಣವು ನಿಶ್ಚಿತವಾಗುವುದು ಕಣದಲ್ಲಿ. ಈ ಸಲದ ರಾಶಿಯಿಂದ ಮೊದಲನೆಯ ಚೀಲವನ್ನು, ಎಲ್ಲಕ್ಕಿಂತ ದಪ್ಪವಾದ, ಎಲ್ಲಕ್ಕಿಂತ ಒಣಗಿದ ಕಾಯಿಯನ್ನು, ಮನೆಯ ಒರಳಿಗೆಂದು ತೆಗೆದಿರಿಸಿ, ಉಳಿದುದನ್ನು ಪೇಟೆಗೆ ಕಳಿಸುವ ಪರಿಪಾಠವನ್ನು ಊರ ಹಿರಿಯರು ತಮ್ಮ ಮನೆಗಳಿಂದಲೇ ಪ್ರಾರಂಭಿಸುವರೆಂದು ಆಶಿಸಲಾಗಿದೆ.